ಜೀನ್ ಮೇಲೆ ಗೂಬೆ ಕೂರಿಸೋ ಮೊದಲು ನೀರು ನೋಡಿ ಸ್ವಾಮಿ

ಮೊನ್ನೆ ಜಾತ್ರೆಗೆ ಅಂತ ಊರಿಗೆ ಹೋಗಿದ್ದೆ. ನಮ್ಮೂರು ಮಧುಗಿರಿ ದಾಟಿ ಪಾವಗಡದ ಕಡೆಗೆ ಹೋಗುವ ದಾರಿಯಲ್ಲಿದೆ. ದೊಡ್ಡಪ್ಪನ ಮಗನೂ ಬೆಂಗಳೂರಿನಿಂದ ಬಂದಿದ್ದ. ಯಾವುದೋ ಕಂಪನಿಗೆ ಎಂಜಲು ಕಳಿಸಿ ಡಿಎನ್ಎ ಪರೀಕ್ಷೆ ಮಾಡಿಸಿಕೊಂಡಿದ್ದಾನಂತೆ. ಮೊಬೈಲಿನಲ್ಲಿ ಬಣ್ಣಬಣ್ಣದ ರಿಪೋರ್ಟು ತೋರಿಸುತ್ತಾ, "ನಮ್ಮ ಮನೆತನದ ಜೀನೇ ಸರಿಯಿಲ್ಲ ಕಣೋ. ನಮ್ಮಪ್ಪನ್ನ ನೋಡು, ನಿಮ್ಮಪ್ಪನ್ನ ನೆನಸ್ಕೋ. ನಮ್ದೂ ಅರವತ್ತಕ್ಕೆ ಮುಗೀತು" ಅಂದ. ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದ ದೊಡ್ಡಪ್ಪ, "ಎಲ್ಲಾ ಹಣೇಲಿ ಬರೆದಿರಾದು ಕಣಪ್ಪಾ" ಅಂದರು. ಇಬ್ಬರೂ ಹೇಳಿದ್ದು ಒಂದೇ. ಮಗ ಅದಕ್ಕೆ ದುಡ್ಡು ಕೊಟ್ಟಿದ್ದ, ಅಷ್ಟೇ ವ್ಯತ್ಯಾಸ :-)

ಆಗ ನಕ್ಕು ಸುಮ್ಮನಾದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತ ಮೇಲೆ ಸಿಟ್ಟು ಬಂತು. ಅದನ್ನೇ ಇಲ್ಲಿ ಇಳಿಸುತ್ತಿದ್ದೇನೆ, ಸಹಿಸಿಕೊಳ್ಳಿ.

ನಮ್ಮಪ್ಪ ಅರವತ್ತೆರಡಕ್ಕೆ ಹೋದರು. ಕೊನೆಯ ಆರು ವರ್ಷ ಹಾಸಿಗೆಯಲ್ಲೇ. ದೊಡ್ಡಪ್ಪನಿಗೆ ಕತ್ತು ತಿರುಗುವುದಿಲ್ಲ, ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಾರೆ. ಮಂಡಿ ಬಾಗಿದೆ, ನೆಲಕ್ಕೆ ಕುಕ್ಕರಗಾಲಲ್ಲಿ ಕೂರಲಾರರು. ಹಲ್ಲುಗಳ ಮೇಲೆ ಕಂದು ಗೆರೆ. ಆವತ್ತು ತೋರಿಸಿದ್ದ ಡಾಕ್ಟರೊಬ್ಬರು ಒಂದೇ ವಾಕ್ಯದಲ್ಲಿ "ವಂಶದಲ್ಲೇ ಇದೆ" ಅಂದು ನೋವಿನ ಮಾತ್ರೆ ಬರೆದುಕೊಟ್ಟಿದ್ದರು.

ವಂಶದಲ್ಲೇ ಇದ್ದರೆ ನಮ್ಮ ತಾತನ ಕಥೆ ಏನು? ಅವರ ವಯಸ್ಸಿಗೆ ದಾಖಲೆ ಇಲ್ಲ, ತೊಂಬತ್ತರ ಆಸುಪಾಸು ಅನ್ನೋದು ಮನೆಯವರ ಅಂದಾಜು. ಆದರೆ ಸಾಯುವ ವರ್ಷವೂ ಹೊಲಕ್ಕೆ ನಡೆದೇ ಹೋಗುತ್ತಿದ್ದರು. ಮೈಸೂರಿಗೆ ಮದುವೆಯಾಗಿ ಹೋದ ನಮ್ಮ ಸೋದರತ್ತೆಗೆ ಈಗ ಎಪ್ಪತ್ತೆಂಟು, ನೆಟ್ಟಗೆ ನಡೆಯುತ್ತಾರೆ. ಕುಣಿಗಲ್ ಕಡೆಯಿಂದ ಸೊಸೆಯಾಗಿ ಬಂದ ದೊಡ್ಡಮ್ಮನಿಗೂ ನಮ್ಮ ತಾತನಿಗೂ ರಕ್ತಸಂಬಂಧವೇ ಇಲ್ಲ, ಆದರೆ ದೊಡ್ಡಮ್ಮನ ಬೆನ್ನು ಬಾಗಿದೆ! ನಮ್ಮ ರಕ್ತದ ಅತ್ತೆ ನೆಟ್ಟಗಿದ್ದಾರೆ, ನಮ್ಮ ರಕ್ತವಲ್ಲದ ದೊಡ್ಡಮ್ಮ ಬಾಗಿದ್ದಾರೆ. ಇದು ಯಾವ ಸೀಮೆಯ ಜೀನು ಸ್ವಾಮಿ?

ತಾತ ಕುಡಿದಿದ್ದು ತಲಪರಿಗೆ ನೀರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಮರಳು ನೆಲದಲ್ಲಿ ತಾನಾಗಿ ಉಕ್ಕುತ್ತಿದ್ದ ಒರತೆಗಳೇ ತಲಪರಿಗೆಗಳು. ಅದು ಮೇಲ್ಪದರದ ನೀರು, ಮಳೆಯಿಂದ ತುಂಬಿ ಹರಿದುಹೋಗುವಂಥದ್ದು. ಮರಳು ಹೋಯಿತು, ಬೋರ್‌ವೆಲ್ ಬಂತು, ತಲಪರಿಗೆ ಬತ್ತಿತು. ಆಳಕ್ಕೆ ಹೋದಷ್ಟೂ ನೀರು ಕಗ್ಗಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು. ಆ ಕಲ್ಲಿನೊಳಗಿನ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅನ್ನುತ್ತದೆ ಭಾರತೀಯ ಮಾನಕ. ನಮ್ಮ ತಾಲ್ಲೂಕುಗಳ ಎಷ್ಟೋ ಬೋರ್‌ವೆಲ್‌ಗಳು ಈ ಗೆರೆ ದಾಟಿದವು. ಅದನ್ನೇ ಇಪ್ಪತ್ತು ಮೂವತ್ತು ವರ್ಷ ಕುಡಿದರೆ ಮೂಳೆ ಗಟ್ಟಿಕಟ್ಟಿ, ಕೀಲು ಬಿಗಿದು, ಬೆನ್ನು ಬಾಗುತ್ತದೆ. ಫ್ಲೋರೋಸಿಸ್ ಮನುಷ್ಯನನ್ನು ನೇರವಾಗಿ ಕೊಲ್ಲುವುದಕ್ಕಿಂತ ಮೂಲೆಗೆ ಕೂರಿಸುವುದೇ ಹೆಚ್ಚು. ಮೂಲೆಗೆ ಕೂತ ಮುದುಕರ ಗತಿ ಏನಾಗುತ್ತದೆ ಅಂತ ನಾನು ಆರು ವರ್ಷ ನೋಡಿದ್ದೇನೆ.

ಹಾಗಂತ ಜೀನ್ ಸುಳ್ಳು ಅಂತ ವಾದಿಸುತ್ತಿಲ್ಲ. ಎಂವೈಬಿಪಿಸಿ3 ಅನ್ನೋ ಜೀನಿನಲ್ಲಿ 25 ಅಕ್ಷರ ಬಿಟ್ಟುಹೋದ ಒಂದು ರೂಪ ನಮ್ಮ ಉಪಖಂಡದ ಸುಮಾರು ಶೇಕಡಾ 4 ಜನರಲ್ಲಿದೆ, ವಯಸ್ಸಾದಂತೆ ಅದು ಹೃದಯ ಸೋಲುವ ಅಪಾಯ ಹೆಚ್ಚಿಸುತ್ತದೆ ಅಂತ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಇದ್ದ ತಂಡ 2009ರಲ್ಲಿ ತೋರಿಸಿತು. ಎಪಿಒಇ ಜೀನಿನ ಇ4 ರೂಪ ಇದ್ದವರಿಗೆ ಅಲ್‌ಝೈಮರ್ ಅಪಾಯ ಜಾಸ್ತಿ. ಫಾಕ್ಸೋ3 ಜೀನಿನ ಒಂದು ರೂಪ ಹವಾಯಿಯ ಜಪಾನಿ ಮೂಲದ ದೀರ್ಘಾಯುಷಿಗಳಲ್ಲಿ ಹೆಚ್ಚಾಗಿ ಕಂಡಿತು. ಅಷ್ಟು ದೂರ ಯಾಕೆ, ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ನೋಡಿ. ಅಲ್ಲೂ ಕೀಲು ಸವೆದು ಜನ ಕುಗ್ಗಿದರು. ಮೊದಲು ಕೀಟನಾಶಕದ ಮೇಲೆ ಅನುಮಾನ ಬಂತು, ಆಮೇಲೆ ಅದು ವಂಶವಾಹಿ ಕಾಯಿಲೆ ಅಂತ ತಿಳಿಯಿತು. ಕೂತು ಪರೀಕ್ಷೆ ಮಾಡಿದ್ದರಿಂದ ತಿಳಿಯಿತು! ನಮ್ಮಲ್ಲಿ ಪರೀಕ್ಷೆ ಮಾಡದೇ "ವಂಶ" ಅಂದುಬಿಟ್ಟರು, ನನ್ನ ತಕರಾರು ಅಷ್ಟೇ.

"ಆಯಸ್ಸಿನಲ್ಲಿ ಅರ್ಧ ಜೀನಿನದ್ದೇ ಅಂತ ಪೇಪರ್‌ನಲ್ಲಿ ಬಂದಿದೆಯಲ್ಲ?" ಅಂತ ತಮ್ಮ ಕೇಳಿದ. ಬಂದಿದೆ. 1996ರ ಡೆನ್ಮಾರ್ಕ್ ಅವಳಿಗಳ ಲೆಕ್ಕದಲ್ಲಿ ಇದು ಗಂಡಸರಿಗೆ ಶೇಕಡಾ 26, ಹೆಂಗಸರಿಗೆ 23. 2018ರಲ್ಲಿ ಕೋಟ್ಯಂತರ ಜನರ ವಂಶವೃಕ್ಷ ನೋಡಿದವರು ಶೇಕಡಾ 10ಕ್ಕಿಂತ ಕಡಿಮೆ ಅಂದರು. ಯಾಕೆಂದರೆ ಒಡಹುಟ್ಟಿದವರ ಆಯಸ್ಸಷ್ಟೇ ಅಲ್ಲ, ರಕ್ತಸಂಬಂಧವಿಲ್ಲದ ಬಾವ, ನಾದಿನಿಯರ ಆಯಸ್ಸೂ ಒಂದಕ್ಕೊಂದು ಹೋಲುತ್ತಿತ್ತು. ನಮ್ಮ ದೊಡ್ಡಮ್ಮನ ಕಥೆಯೇ! 2026ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಶೇಕಡಾ 50ರ ಹತ್ತಿರ ಅಂದಿದ್ದಾರೆ. ಆದರೆ ಷರತ್ತು ಓದಿ: ಅಪಘಾತ, ಸೋಂಕಿನಂಥ ಹೊರಗಿನ ಕಾರಣದ ಸಾವುಗಳನ್ನು ಲೆಕ್ಕದಿಂದ ತೆಗೆದ ಮೇಲೆ ಅದು ಅರ್ಧ. ನಮ್ಮ ತಾಲ್ಲೂಕಿನಲ್ಲಿ ಹೊರಗಿನ ಕಾರಣಗಳನ್ನು ತೆಗೆದುಹಾಕಿದವರು ಯಾರು?

ಶೇಂಗಾ ಬೆಳೆಯುವ ಪಾವಗಡದವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆ ಹದವಾಗಿ ಆದ ವರ್ಷ ಯಾವ ಬೀಜ ಒಳ್ಳೆಯದು, ಯಾವುದು ಜಳ್ಳು ಅಂತ ಕಾಣುತ್ತದೆ. ಮಳೆ ಕೈಕೊಟ್ಟ ವರ್ಷ ಎಲ್ಲವೂ ಒಣಗುತ್ತವೆ, ಆಗ ಬೀಜವನ್ನು ಬೈದು ಪ್ರಯೋಜನವಿಲ್ಲ. ಡೆನ್ಮಾರ್ಕಿನ ಹೊಲದಲ್ಲಿ ಬಂದ ಅಂಕಿಯನ್ನು ತಂದು ನಮ್ಮ ಹೊಲಕ್ಕೆ ಅಂಟಿಸಬೇಡಿ.

ಒಂದು ಮನೆಯ ಕಥೆ ಪುರಾವೆ ಆಗುವುದಿಲ್ಲ ಅಂತ ನೀವು ಅನ್ನಬಹುದು, ನಿಜ. ನಮ್ಮಪ್ಪನ ಸಾವಿಗೆ ನೀರೊಂದೇ ಕಾರಣ ಅಂತಲೂ ಹೇಳಲಾರೆ. ಅದಕ್ಕೇ ಕೇಳುತ್ತಿರುವುದು: ಎರಡನ್ನೂ ಅಳೆಯಿರಿ. ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ, ಜೀನನ್ನೂ ಸೇರಿಸಿ ಅಧ್ಯಯನ ಮಾಡುತ್ತಿದ್ದಾರೆ. ಅಂಥದ್ದು ನಮ್ಮ ನಾಲ್ಕು ತಾಲ್ಲೂಕಿಗೂ ಬರಲಿ. ಆದರೆ ಎಂಜಲಿನ ಶೀಶೆಯ ಪಕ್ಕದಲ್ಲಿ ಆ ಮನೆಯ ನೀರಿನ ಶೀಶೆಯೂ ಇರಲಿ.

ಅಲ್ಲಿಯವರೆಗೆ ಮಾಡಬಹುದಾದದ್ದು ಸಣ್ಣದು. ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ಪ್ರತಿ ಬೋರ್‌ವೆಲ್‌ನ ಫ್ಲೋರೈಡ್ ಅಂಕಿಯನ್ನು ಪಂಚಾಯಿತಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಲಿ. ತುಂಗಭದ್ರೆಯ ನೀರನ್ನು ಪಾವಗಡಕ್ಕೆ ತರುವ ಯೋಜನೆ 2025ರಲ್ಲಿ ಉದ್ಘಾಟನೆಯಾಯಿತು, ಸಂತೋಷ. ಅದು ಕಟ್ಟಕಡೆಯ ಹಟ್ಟಿಯ ನಲ್ಲಿಗೂ ಬರಬೇಕು, ಕೆಟ್ಟ ಶುದ್ಧ ನೀರಿನ ಘಟಕ ತಿಂಗಳುಗಟ್ಟಲೆ ಬೀಗ ಹಾಕಿಕೊಂಡು ನಿಲ್ಲಬಾರದು. ಪಾವಗಡದ ಬಿಸಿಲಿನಿಂದ 2,050 ಮೆಗಾವಾಟ್ ವಿದ್ಯುತ್ತಿನ ಸೋಲಾರ್ ಪಾರ್ಕ್ ಕಟ್ಟಲು ಆಯಿತು, ನೀರಿನ ಘಟಕದ ಫಿಲ್ಟರ್ ಬದಲಿಸಲು ಆಗುವುದಿಲ್ಲವೇ?

ತಮ್ಮನಿಗೆ ಫೋನ್ ಮಾಡಿ ಇಷ್ಟೂ ಹೇಳಿದೆ. "ಆಯ್ತು ಬಿಡು, ಮುಂದಿನ ಸಲ ಬಂದಾಗ ಒಂದು ಬಾಟ್ಲು ನೀರು ಹಿಡ್ಕೊಂಡು ಹೋಗ್ತೀನಿ" ಅಂದ. ನಾನೂ ಅವನೂ ಅದೇ ಬೋರ್‌ವೆಲ್ ನೀರು ಕುಡಿದು ಬೆಳೆದವರು. ಇಬ್ಬರ ಹಲ್ಲಿನ ಮೇಲೂ ಗೆರೆ ಇದೆ.

ಕೊನೆಕೊಸರು: ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ. ಊರಿನಲ್ಲಿ ಅಜ್ಜ ಅಜ್ಜಿ ಇರುವವರು ದಯವಿಟ್ಟು ಇದೊಂದನ್ನು ಅವರಿಗೆ ತಿಳಿಸಿ. ನಿಮ್ಮೂರಿನ ನೀರಿನ ಅಂಕಿ ಎಷ್ಟು? ಗೊತ್ತಿದ್ದರೆ ಕಮೆಂಟಿಸಿ, ಗೊತ್ತಿಲ್ಲದಿದ್ದರೆ ಪಂಚಾಯಿತಿಯಲ್ಲಿ ಕೇಳಿ ಬಂದು ಕಮೆಂಟಿಸಿ.