ಹೂಹಾಸಿನ ಹಿಂಬದಿಯನ್ನು ನೋಡಿ

ನಮ್ಮ ಗಡಿಭಾಗದ ಕನ್ನಡ ಶಾಲೆಯಲ್ಲಿ ಕಲಿತು, ಈಗ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಉದ್ಯೋಗದಲ್ಲಿರುವ ಹೆಣ್ಣುಮಗಳೊಬ್ಬರು ತಮ್ಮ ತಂದೆಯವರ ಮೂಲಕ ಈ ಅಂಕಣಕ್ಕೆ ಪ್ರಶ್ನೆಯೊಂದನ್ನು ಕಳುಹಿಸಿದ್ದಾರೆ. ಅಲ್ಲಿನ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಗುಲಾಬಿ ಗೊಂಚಲಿನ ಚಿತ್ರವುಳ್ಳ ನೆಲಹಾಸು ಅವರ ಮನಸ್ಸನ್ನು ಸೆಳೆದಿದೆ. ಅದು ಇನ್ನೂರೈವತ್ತು ವರ್ಷ ಹಳೆಯದು, ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದ್ದು ಎಂದು ಅಂಗಡಿಯವರ ಹೇಳಿಕೆ. ಬೆಲೆಯೂ ಆ ಹೇಳಿಕೆಗೆ ತಕ್ಕಂತೆಯೇ ಇದೆ. ‘ಕೊಳ್ಳಬಹುದೇ? ಕೊಂಡರೆ ರಸೀದಿಯಲ್ಲಿ ಏನನ್ನು ಬರೆಸಿಕೊಳ್ಳಬೇಕು?’ ಎಂಬುದು ಅವರ ಪ್ರಶ್ನೆ. ಎರಡನೆಯ ಮಾತು ವಕೀಲನಿಗೆ ಸೇರಿದ್ದು. ಆದರೆ ವಸ್ತುವನ್ನು ಅರಿಯದೆ ಅದರ ರಸೀದಿಯ ಬಗ್ಗೆ ಸಲಹೆ ಕೊಡಲಾಗದು. ಆದ್ದರಿಂದ ಮೊದಲು ವಸ್ತುವಿನ ವಿಚಾರ.

ಇಂಗ್ಲಿಷಿನಲ್ಲಿ ‘ಹುಕ್ಡ್ ರಗ್’ ಎಂದು ಕರೆಯುವ ಇದನ್ನು ನಾವು ಕೊಕ್ಕೆಹಾಸು ಎನ್ನೋಣ. ಇದು ಮಗ್ಗದಲ್ಲಿ ನೇಯ್ದುದಲ್ಲ. ಮರದ ಚೌಕಟ್ಟಿಗೆ ಗೋಣಿತಟ್ಟನ್ನು ಬಿಗಿಯಾಗಿ ಕಟ್ಟುತ್ತಾರೆ. ಸವೆದ ಉಣ್ಣೆಯ ಅಂಗಿ, ಲಂಗ, ಕಂಬಳಿಗಳನ್ನು ಕಿರಿದಾದ ಪಟ್ಟಿಗಳಾಗಿ ಕತ್ತರಿಸುತ್ತಾರೆ. ಪಟ್ಟಿಯನ್ನು ತಟ್ಟಿನ ಕೆಳಗೆ ಹಿಡಿದು, ಕ್ರೋಷಾ ಸೂಜಿಯನ್ನು ಹೋಲುವ ಕೊಕ್ಕೆಯಿಂದ ಒಂದೊಂದೇ ಕುಣಿಕೆಯಾಗಿ ಮೇಲಕ್ಕೆ ಎಳೆಯುತ್ತಾರೆ. ಗಂಟೂ ಇಲ್ಲ, ಅಂಟೂ ಇಲ್ಲ. ಒತ್ತೊತ್ತಾಗಿ ನಿಂತ ಕುಣಿಕೆಗಳೇ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಮೇಯ್ನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮ್ಯಾಸಚೂಸೆಟ್ಸ್ ಮುಂತಾದ ಈಶಾನ್ಯ ರಾಜ್ಯಗಳಲ್ಲಿಯೂ ನೆರೆಯ ಕೆನಡಾದ ಕರಾವಳಿ ಪ್ರಾಂತ್ಯಗಳಲ್ಲಿಯೂ 19ನೆಯ ಶತಮಾನದಲ್ಲಿ ಈ ಕೆಲಸ ಬೆಳೆಯಿತು. ಗಿರಣಿಯ ರತ್ನಗಂಬಳಿಯನ್ನು ಕೊಳ್ಳಲಾರದ ರೈತರ, ಮೀನುಗಾರರ ಮನೆಗಳ ಹೆಂಗಸರು ಹಿಮ ಬೀಳುವ ತಿಂಗಳುಗಳಲ್ಲಿ ಒಲೆಯ ಬಳಿ ಕುಳಿತು ಇವನ್ನು ಮಾಡಿದರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಓದುಗರಿಗೆ ಇದನ್ನು ಓದುವಾಗ ಮನೆಯ ಕೌದಿ ನೆನಪಾದರೆ ಆಶ್ಚರ್ಯವಿಲ್ಲ. ಕೌದಿಯಲ್ಲಿ ಹಳೆಯ ಬಟ್ಟೆಯನ್ನು ಪದರವಾಗಿ ಹಾಸಿ ಹೊಲಿಯುತ್ತೇವೆ. ಅಲ್ಲಿ ಚಿಂದಿಯನ್ನು ತಟ್ಟಿನ ಮೂಲಕ ಎಳೆದು ನಿಲ್ಲಿಸುತ್ತಾರೆ. ಎರಡರ ಹಿಂದೆಯೂ ಇರುವುದು ಬಟ್ಟೆಯ ಒಂದು ತುಂಡನ್ನೂ ಎಸೆಯದ ಮನೆವಾರ್ತೆ.

ಈಗ ವಯಸ್ಸಿನ ವಿಚಾರ. ಇಲ್ಲಿ ಮುಖ್ಯ ಸಾಕ್ಷಿ ಭಾರತದಿಂದ ಹೋದದ್ದು. ಬಹುಪಾಲು ಕೊಕ್ಕೆಹಾಸುಗಳ ತಳದ ಬಟ್ಟೆ ಸೆಣಬಿನದು. ಆ ಸೆಣಬು ಬಂಗಾಳದ ಬೆಳೆ. 1830ರ ದಶಕದಿಂದ ಅದು ಸ್ಕಾಟ್ಲೆಂಡಿನ ಡಂಡಿ ನಗರದ ಗಿರಣಿಗಳಲ್ಲಿ ಗೋಣಿಬಟ್ಟೆಯಾಗತೊಡಗಿತು. 1855ರಲ್ಲಿ ಕಲ್ಕತ್ತೆಯ ಸಮೀಪದ ರಿಶ್ರಾದಲ್ಲಿ ನಮ್ಮ ದೇಶದ ಮೊದಲ ಸೆಣಬಿನ ಗಿರಣಿ ಆರಂಭವಾಯಿತು. ಸರಿಸುಮಾರು 1850ರ ಬಳಿಕವೇ ಧಾನ್ಯ, ಮೇವುಗಳ ಗೋಣಿಚೀಲಗಳು ಅಮೆರಿಕದ ರೈತರ ಮನೆಗಳಿಗೆ ಹೇರಳವಾಗಿ ತಲುಪಿದವು. ಖಾಲಿ ಚೀಲವನ್ನು ಬಿಚ್ಚಿ ಒಗೆದರೆ ಹಾಸಿನ ತಳ ಸಿದ್ಧ. ಎಳೆಗಳು ಬಿಡಿಬಿಡಿಯಾಗಿರುವುದರಿಂದ ಕೊಕ್ಕೆಯೂ ಸಲೀಸಾಗಿ ತೂರುತ್ತಿತ್ತು. ಅದಕ್ಕೆ ಮುಂಚಿನ ಕೆಲವು ಹಾಸುಗಳು ನಾರುಬಟ್ಟೆಯ ಮೇಲೆ ಮಾಡಿದವು, ಬಹಳ ಅಪರೂಪದವು. ಹಾಗಾಗಿ ಗೋಣಿತಟ್ಟಿನ ಮೇಲಿನ ಹಾಸು 1776ರ ಕಾಲದ್ದು ಎಂಬ ವಾದ ನಿಲ್ಲಲಾರದು.

ಇಷ್ಟು ಹಳೆಯ ವಯಸ್ಸನ್ನು ಹೇಳುವ ಅಭ್ಯಾಸ ಇಂದು ನಿನ್ನೆಯದಲ್ಲ. 1920 ಮತ್ತು 1930ರ ದಶಕಗಳಲ್ಲಿ ಅಮೆರಿಕದ ಸಿರಿವಂತರಿಗೆ ತಮ್ಮ ಪೂರ್ವಜರ ಕಾಲದ ಮನೆಸಾಮಾನುಗಳ ಮೇಲೆ ಅಪಾರ ಮೋಹ ಹುಟ್ಟಿತು. ವರ್ತಕರು ಹಳ್ಳಿಹಳ್ಳಿ ತಿರುಗಿ ಹಾಸುಗಳನ್ನು ಕೊಂಡು ತಂದು ಮಾರಿದರು. ಬೆಲೆ ಏರಲೆಂದು ವಯಸ್ಸನ್ನೂ ಏರಿಸಿದರು. ಅಂದು ಹೇಳಿದ ಕಥೆಗಳು ಅನೇಕ ಹಾಸುಗಳ ಜೊತೆಗೆ ಇಂದಿಗೂ ಪ್ರಯಾಣ ಮಾಡುತ್ತಿವೆ.

ಹೂವಿನ ವಿನ್ಯಾಸವೂ ಕಾಲವನ್ನು ತಿಳಿಸುತ್ತದೆ. ಮೊದಲ ಬಗೆಯದು ಮನೆಯಲ್ಲಿಯೇ ಬರೆದ ಹೂವು. ಸುಟ್ಟ ಕಡ್ಡಿಯ ಇದ್ದಲಿನಿಂದ ತಟ್ಟಿನ ಮೇಲೆ ಗೆರೆ ಎಳೆದು, ಊಟದ ತಟ್ಟೆಯನ್ನು ಬೋರಲಿಟ್ಟು ವೃತ್ತ ಬರೆದು ಮಾಡಿದ ಇವುಗಳಲ್ಲಿ ದಳಗಳು ಒಂದರಂತೆ ಒಂದಿರವು. ಹೂವಿಗಿಂತ ಎಲೆ ದೊಡ್ಡದಾಗಿರಬಹುದು. ಇಂದು ಸಂಗ್ರಾಹಕರು ಹೆಚ್ಚು ಮೆಚ್ಚುವುದು ಇವನ್ನೇ.

ಎರಡನೆಯ ಬಗೆಯದು ಅಚ್ಚಿನ ಹೂವು. ಮೇಯ್ನ್ ರಾಜ್ಯದ ಬಿಡೆಫರ್ಡ್ ಊರಿನ ಎಡ್ವರ್ಡ್ ಸ್ಯಾಂಡ್ಸ್ ಫ್ರಾಸ್ಟ್ ಎಂಬವರು ತಗಡಿನ ಪಾತ್ರೆಗಳನ್ನು ಊರೂರಿಗೆ ಹೊತ್ತು ಮಾರುತ್ತಿದ್ದ ವ್ಯಾಪಾರಿ. ಮನೆಯಲ್ಲಿ ಹೆಂಡತಿ ಹಾಸು ಮಾಡುವುದನ್ನು ಕಂಡು ತಾವೂ ಕಲಿತರು. ಬಳಿಕ 1868ರ ಸುಮಾರಿಗೆ ಹಳೆಯ ತಗಡನ್ನು ಕೊರೆದು ಅಚ್ಚುಗಳನ್ನು ಮಾಡಿ, ಗೋಣಿಬಟ್ಟೆಯ ಮೇಲೆ ಬಣ್ಣದಲ್ಲಿ ವಿನ್ಯಾಸ ಮುದ್ರಿಸಿ ಮಾರತೊಡಗಿದರು. ಅವರ ವಿನ್ಯಾಸಗಳು ಸುಮಾರು 180. 1876ರಲ್ಲಿ ಅವರು ವ್ಯವಹಾರವನ್ನು ಮಾರಿದರೂ ಆ ವಿನ್ಯಾಸಗಳ ಮುದ್ರಣ ಮುಂದುವರಿಯಿತು. ನಡುವೆ ಹೂಗೊಂಚಲು, ಸುತ್ತ ಬಳ್ಳಿಯಂತೆ ಸುತ್ತಿದ ಎಲೆಗಳ ಅಂಚು. ಈ ಮಾದರಿ ಗಿರಣಿಯ ಬೆಲೆಬಾಳುವ ರತ್ನಗಂಬಳಿಗಳ ಅನುಕರಣೆ. ಇಂತಹ ಹಾಸು ಕಂಡಾಗ ಅದು 1868ಕ್ಕಿಂತ ಹಿಂದಿನದಲ್ಲ ಎಂದು ಹೇಳಬಹುದು. ಎಷ್ಟು ಈಚಿನದು ಎಂಬುದನ್ನು ಬೇರೆ ಗುರುತುಗಳಿಂದ ತಿಳಿಯಬೇಕು.

ಮೂರನೆಯದು 1930ರ ದಶಕದಿಂದ ಈಚಿನದು. ಮ್ಯಾಸಚೂಸೆಟ್ಸಿನ ಪರ್ಲ್ ಮೆಗೌನ್ ಅವರು ವಿನ್ಯಾಸಗಳನ್ನು ರಚಿಸಿ, ಶಿಕ್ಷಕಿಯರನ್ನು ತರಬೇತುಗೊಳಿಸಿ ಈ ಕಲೆಗೆ ಹೊಸ ಜೀವ ಕೊಟ್ಟರು. ಅವರ ಪಂಥದ ಗುಲಾಬಿಯಲ್ಲಿ ಒಂದೇ ದಳಕ್ಕೆ ಹಲವು ಛಾಯೆಗಳ, ಬೇಕೆಂದೇ ಬಣ್ಣ ಹಾಕಿದ, ತೀರ ಕಿರಿದಾದ ಉಣ್ಣೆಯ ಪಟ್ಟಿಗಳಿರುತ್ತವೆ. ನೋಡಲು ಇವು ಅತ್ಯಂತ ಸೊಗಸು, ಆದರೆ ಇವಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ. ತಳದ ಬಟ್ಟೆಯ ಅಂಚಿನಲ್ಲಿ ಕೆಲವೊಮ್ಮೆ ಹೆಸರಿನ ಮುದ್ರೆಯೇ ಉಳಿದಿರುತ್ತದೆ.

ಆದುದರಿಂದ ಅಂಗಡಿಯಲ್ಲಿ ಮಾಡಬೇಕಾದ ಮೊದಲ ಕೆಲಸ, ಹಾಸನ್ನು ಮಗುಚಿ ಹಿಂಬದಿಯನ್ನು ನೋಡುವುದು. ಹಿಂಬದಿಗೆ ಬಟ್ಟೆಯನ್ನು ರಬ್ಬರಿನಂತಹ ಅಂಟಿನಿಂದ ಮೆತ್ತಿದ್ದರೆ ಅದು ಯಂತ್ರದ ಬಂದೂಕಿನಂತಹ ಸಾಧನದಿಂದ ಮಾಡಿದ ಈಚಿನ ‘ಟಫ್ಟೆಡ್’ ಹಾಸಾಗಿರುವ ಸಂಭವವೇ ಹೆಚ್ಚು. ಹಳೆಯ ಮಾದರಿಯ ಹೂಗಳನ್ನಿಟ್ಟು ಇಂತಹವನ್ನೂ, ಕೈಯ ಕೊಕ್ಕೆಹಾಸುಗಳನ್ನೂ ಚೀನಾ ಮತ್ತು ಭಾರತದಲ್ಲಿ ಮಾಡಿ ಅಮೆರಿಕಕ್ಕೆ ಕಳುಹಿಸುತ್ತಾರೆ. ಹೊಸದೆಂದು ಹೇಳಿ ಮಾರಿದರೆ ಅದರಲ್ಲಿ ತಪ್ಪೇನೂ ಇಲ್ಲ. ಹಿಂಬದಿ ತೆರೆದಿದ್ದರೆ ಪಟ್ಟಿಗಳನ್ನು ಗಮನಿಸಬೇಕು. ಕತ್ತರಿಯಿಂದ ಕತ್ತರಿಸಿದ ಹಳೆಯ ಪಟ್ಟಿಗಳ ಅಗಲ ಒಂದೇ ಸಮನಿರದು. ಉಣ್ಣೆಯ ನಡುವೆ ಹತ್ತಿಯೂ ಹೆಣೆದ ಒಳ ಉಡುಪಿನ ತುಂಡೂ ಕಾಣಬಹುದು. ಎಲ್ಲವೂ ಒಂದೇ ಅಗಲ, ಒಂದೇ ಬಟ್ಟೆಯಾದರೆ ಈಚಿನದು. ಮುಂದೆ ಬಣ್ಣ: ಬೆಳಕಿಗೆ ಮೈಯೊಡ್ಡಿದ ಮೇಲ್ಬದಿ ಮಾಸಿ, ಹಿಂಬದಿ ಗಾಢವಾಗಿ ಉಳಿದಿರಬೇಕು. ಎರಡೂ ಬದಿ ಸಮನಾಗಿ ಮಾಸಿದ್ದರೆ ಯಾರೋ ಬೇಕೆಂದೇ ಮಾಸಿಸಿರಬಹುದು. ಸವೆತವೂ ಕಾಲು ಬೀಳುವ ಕಡೆ, ಅಂಚಿನಲ್ಲಿ ಹೆಚ್ಚಿರಬೇಕು. ಹಾಸಿನಲ್ಲಿಯೇ ಮೂಡಿಸಿದ ಇಸವಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು; ಹಳೆಯ ಘಟನೆಯ ನೆನಪಿಗೂ, ಹಳೆಯ ಹಾಸಿನ ನಕಲಿನಲ್ಲಿಯೂ ಇಸವಿ ಬರುತ್ತದೆ.

ಇನ್ನು ಕಾನೂನು. ಅಮೆರಿಕದ ಸುಂಕದ ಕಾನೂನಿನಲ್ಲಿ ‘ಆ್ಯಂಟಿಕ್’ ಎಂದರೆ ನೂರು ವರ್ಷ ಮೀರಿದ್ದು. ನಮ್ಮ 1972ರ ಪುರಾವಸ್ತುಗಳ ಅಧಿನಿಯಮವೂ ಸಾಮಾನ್ಯವಾಗಿ ನೂರು ವರ್ಷದ ಗೆರೆಯನ್ನೇ ಎಳೆಯುತ್ತದೆ. ಅಂಗಡಿಯ ಮಾತಿನಲ್ಲಿ ಆ ಪದ ಸಡಿಲವಾಗಿ ಓಡಾಡುತ್ತದೆ. ಆದ್ದರಿಂದ ಪದಕ್ಕಿಂತ ಇಸವಿಯನ್ನು ಬರೆಸಿಕೊಳ್ಳುವುದು ಲೇಸು. ಅಲ್ಲಿನ ಮಾರಾಟಗಳಿಗೆ ಅನ್ವಯಿಸುವ ‘ಯೂನಿಫಾರ್ಮ್ ಕಮರ್ಷಿಯಲ್ ಕೋಡ್’ನ 2-313ನೆಯ ವಿಧಿಯ ಪ್ರಕಾರ, ವ್ಯವಹಾರಕ್ಕೆ ಆಧಾರವಾಗುವಂತೆ ಮಾರುವವನು ಕೊಟ್ಟ ವಸ್ತುವಿವರಣೆ ಒಂದು ಖಾತರಿಯಾಗುತ್ತದೆ. ‘ಇಂತಹ ಚೆಲುವಾದ ಹಾಸು ಬೇರೆಲ್ಲೂ ಸಿಗದು’ ಎಂಬುದು ಬರಿಯ ಹೊಗಳಿಕೆ. ಅದರ ಮೇಲೆ ದಾವೆ ನಡೆಯದು. ‘ಸುಮಾರು 1890ರಲ್ಲಿ ಅಮೆರಿಕದಲ್ಲಿ ಕೈಯಿಂದ ಮಾಡಿದ್ದು’ ಎಂಬುದು ವಿವರಣೆ. ಅದು ಸುಳ್ಳಾದರೆ ಪರಿಹಾರ ಕೇಳಬಹುದು. ದಾವೆಯ ಅವಧಿ ಸಾಮಾನ್ಯವಾಗಿ ವಸ್ತು ಕೈಸೇರಿದ ದಿನದಿಂದ ನಾಲ್ಕು ವರ್ಷ. ನಮ್ಮ 1930ರ ಸರಕು ಮಾರಾಟ ಅಧಿನಿಯಮದ 15ನೆಯ ಕಲಮೂ ವಿವರಣೆಗೆ ತಕ್ಕ ವಸ್ತುವನ್ನೇ ಕೊಡಬೇಕೆಂದು ಹೇಳುತ್ತದೆ. ಬಾಯಿಮಾತೂ ಖಾತರಿಯಾಗಬಹುದು, ಆದರೆ ಅದನ್ನು ರುಜುವಾತುಪಡಿಸುವ ಭಾರ ಕೊಂಡವರ ಮೇಲೆ ಬೀಳುತ್ತದೆ.

ಹಾಗಾಗಿ ರಸೀದಿಯಲ್ಲಿ ತಯಾರಿಕೆಯ ರೀತಿ, ತಳದ ಬಟ್ಟೆ, ಎಳೆಯ ಬಟ್ಟೆ, ಅಂದಾಜು ಇಸವಿ, ಪ್ರದೇಶ, ಅಳತೆ, ಆಗಿರುವ ದುರಸ್ತಿ ಇಷ್ಟೂ ಇರಲಿ. ಎರಡೂ ಬದಿಯ ಛಾಯಾಚಿತ್ರವನ್ನು ಅಂದೇ ತೆಗೆದಿಟ್ಟುಕೊಳ್ಳಬೇಕು. ಅಂಗಡಿಯವರು ಬಾಯಲ್ಲಿ ಹೇಳಿದ ಇಸವಿಯನ್ನು ಕಾಗದದ ಮೇಲೆ ಬರೆಯಲು ಹಿಂಜರಿದರೆ, ಆ ಇಸವಿಗಾಗಿ ಹಣ ಕೊಡುವ ಅಗತ್ಯವಿಲ್ಲ. ಹೊಸ ಹಾಸಿಗೆ ಎಷ್ಟು ಕೊಡುತ್ತಿದ್ದೆವೋ ಅಷ್ಟನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಬಹುದು.

ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ ಇಷ್ಟು. ಇನ್ನೂರೈವತ್ತು ವರ್ಷದ ಬೆಲೆಗೆ ಕೊಳ್ಳಬೇಡಿ. ಆದರೆ ಕಥೆ ಸುಳ್ಳಾದ ಮಾತ್ರಕ್ಕೆ ಹಾಸು ಸುಳ್ಳಾಗುವುದಿಲ್ಲ. ಹಿಂಬದಿ ನೋಡಿ ಅದು ನಿಜಕ್ಕೂ 19ನೆಯ ಶತಮಾನದ ಕೊನೆಯದೆಂದು ಕಂಡರೆ, ಆ ವಯಸ್ಸಿನ ಬೆಲೆಗೆ ಸಿಗುವುದಾದರೆ, ಸಂತೋಷದಿಂದ ಕೊಳ್ಳಿ. ಒಂದು ಮೂಲೆಯನ್ನು ಮೆಲ್ಲಗೆ ಬಾಗಿಸಿ ಪರೀಕ್ಷಿಸಿ. ಮುಪ್ಪಾದ ಸೆಣಬು ಒಣ ಹುಲ್ಲಿನಂತೆ ಮುರಿಯುತ್ತದೆ, ಮುರಿಯುವ ಸದ್ದು ಕೇಳಿದರೆ ಬಿಟ್ಟುಬಿಡಿ. ಮನೆಗೆ ತಂದ ಮೇಲೆ ಮಡಚಬಾರದು. ಹೂವಿನ ಬದಿ ಹೊರಗೆ ಬರುವಂತೆ ಸುತ್ತಿಡಬೇಕು. ಬಡಿಯುವುದು, ನೀರಿನಲ್ಲಿ ನೆನೆಸುವುದು, ಬಿಸಿಲಿಗೆ ಹರಡುವುದು ಸಲ್ಲದು. ಮಕ್ಕಳು ಓಡಾಡುವ ಕೋಣೆಯ ನೆಲಕ್ಕಂತೂ ಅದು ತಾಳದು.

ಇಷ್ಟೆಲ್ಲ ಪರೀಕ್ಷೆ ಏಕೆ ಬೇಕಾಯಿತು ಎಂಬುದನ್ನೂ ಯೋಚಿಸಬೇಕು. ಹಾಸನ್ನು ಮಾಡಿದ ಹೆಂಗಸು ತನ್ನ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ. ಅಚ್ಚು ಕೊರೆದ ಫ್ರಾಸ್ಟರ ಹೆಸರು ಉಳಿಯಿತು. ಆ ಅಚ್ಚಿನ ಮೇಲೆ ಸಾವಿರಾರು ಕುಣಿಕೆಗಳನ್ನು ಎಳೆದವರ ಹೆಸರು ಅಳಿಯಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ವರ್ಮಾಂಟಿನ ಕ್ಯಾಸಲ್‌ಟನ್ ಊರಿನ ಜೆರೂವಾ ಗರ್ನ್‌ಸಿ ಎಂಬ ತರುಣಿಯ ಹೂವಿನ ಹಾಸು ಇದೆ. ಅದು ಕೊಕ್ಕೆಯ ಕೆಲಸವಲ್ಲ, ಉಣ್ಣೆಯ ಮೇಲೆ ಉಣ್ಣೆಯ ಕಸೂತಿ. ಅದರಲ್ಲಿ ಆಕೆ ತನ್ನ ಹೆಸರಿನ ಮೊದಲಕ್ಷರಗಳನ್ನೂ 1835 ಎಂಬ ಇಸವಿಯನ್ನೂ ಹೊಲಿದಿದ್ದಾಳೆ. ಅದು ಯಾರದು, ಯಾವಾಗಿನದು ಎಂದು ಯಾವ ವರ್ತಕನೂ ಕಥೆ ಕಟ್ಟಬೇಕಾಗಿಲ್ಲ.

ನಮ್ಮ ಮನೆಗಳ ಕೌದಿಗಳಿಗೂ ಹೆಸರಿಲ್ಲ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈ ರಜೆಯಲ್ಲಿ ಒಂದು ಕೆಲಸ ಮಾಡಬಹುದು. ಕೌದಿ ಹೊಲಿದವರು ಯಾರು, ಯಾವ ಊರಿನಲ್ಲಿ, ಯಾರು ಹುಟ್ಟಿದಾಗ ಅಥವಾ ಯಾರ ಮದುವೆಗೆ, ಯಾವ ಸೀರೆಯ ತುಂಡು ಯಾರದು ಎಂದು ಮಕ್ಕಳು ಅಜ್ಜಿಯನ್ನು ಕೇಳಿ ಬರೆದುಕೊಳ್ಳಲಿ. ಹೆಸರು, ಊರು, ಇಸವಿ ಇಷ್ಟನ್ನು ಬಿಳಿಯ ಹತ್ತಿಬಟ್ಟೆಯ ಪಟ್ಟಿಯ ಮೇಲೆ ದಾರದಿಂದ ಹೊಲಿದು ಕೌದಿಯ ಹಿಂಬದಿಯ ಮೂಲೆಗೆ ಸೇರಿಸಬಹುದು. ಅಂಟು ಬೇಡ, ಶಾಯಿಯೂ ಬೇಡ. ಅಂಟು ಬಟ್ಟೆಯನ್ನು ಕೆಡಿಸುತ್ತದೆ, ಶಾಯಿ ಒಗೆದಾಗ ಹೋಗುತ್ತದೆ. ಇಸವಿ ಅಜ್ಜಿಗೆ ನೆನಪಿಲ್ಲದಿದ್ದರೆ ಆಗ ಮನೆಯ ಹಿರಿಯ ಮಗುವಿಗೆ ಎಷ್ಟು ವಯಸ್ಸಾಗಿತ್ತು ಎಂದು ಕೇಳಿದರೆ ಲೆಕ್ಕ ಸಿಗುತ್ತದೆ.