ಕ್ಯೂಟ್ ಅಂದು ಸ್ಕ್ರೋಲ್ ಮಾಡ್ಬೇಡಿ, ಹೆಸರು ಕೇಳಿ

1/7
ಮಾಕುಟ್ಟದ ಫೋಟೋ ಅಂದ್ರೆ ನಮ್ಮ ಫೀಡ್‌ನಲ್ಲಿ ಏನಿರುತ್ತೆ? ಪೆರುಂಬಾಡಿಯಿಂದ ಇಳಿಯೋ ಘಾಟ್ ತಿರುವು, ಮಂಜು, ಬೈಕು. ಎಲೆ ಮೇಲೆ ಕೆಂಪು ಹುಳ ಕಂಡ್ರೆ ಒಂದು ಕ್ಲೋಸಪ್, 'ಸೋ ಕ್ಯೂಟ್', ಒಂದು ಹಾರ್ಟ್. ಮುಗೀತು. ನನ್ನ ತಕರಾರು ಇಲ್ಲೇ ಶುರು. ಆ ಗುಲಗಂಜಿ ಹುಳ ನಿಮ್ಮನೆ ತೋಟದಲ್ಲಿ ಕೂಲಿ ಕೇಳದೆ ದುಡೀತಿದೆ. ಅದರ ಹೆಸರಾದ್ರೂ ಗೊತ್ತಾ?

2/7
1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟ ತಿನ್ನಲಿ ಅಂತ ಆಸ್ಟ್ರೇಲಿಯಾದಿಂದ ಕ್ರಿಪ್ಟೋಲೀಮಸ್ ಅನ್ನೋ ಗುಲಗಂಜಿ ಹುಳವನ್ನ ಭಾರತಕ್ಕೆ ತಂದ್ರು. ಕರೆಸಿದ ಕೆಲಸಕ್ಕೆ ಅದು ಆಗ್ಲಿಲ್ಲ. ಆದ್ರೆ ದಕ್ಷಿಣದಲ್ಲಿ ನೆಲೆಯೂರಿ ಹಿಟ್ಟು ತಿಗಣೆ ತಿನ್ನೋಕೆ ನಿಂತಿತು. ಕಾಫಿ, ಮೆಣಸು ಬೆಳೆಯೋ ಮನೆಯವರಿಗೆ ಹಿಟ್ಟು ತಿಗಣೆ ಏನು ಅಂತ ನಾನು ಹೇಳ್ಬೇಕಿಲ್ಲ.

3/7
ಈಗ ಅನ್ಯಾಯ ಕೇಳಿ. ಕ್ರಿಪ್ಟೋಲೀಮಸ್ ಮರಿಯ ಮೈಮೇಲೆ ಬಿಳಿ ಮೇಣದ ಎಳೆಗಳಿರುತ್ತವೆ. ನೋಡೋಕೆ ಥೇಟ್ ಹಿಟ್ಟು ತಿಗಣೆಯೇ, ಸ್ವಲ್ಪ ದೊಡ್ಡದು, ಓಡಾಟ ಚುರುಕು. ಗುರುತು ಗೊತ್ತಿಲ್ಲದವರು 'ಅಯ್ಯೋ, ದೊಡ್ಡ ತಿಗಣೆ ಬಂತು' ಅಂತ ಔಷಧಿ ಹೊಡೀತಾರೆ. ಕಳ್ಳನ ಜೊತೆ ಕಾವಲುಗಾರನೂ ಸತ್ತ. ಗುರುತಿಸೋದು ಹವ್ಯಾಸ ಅಂತೀರಲ್ಲ, ಇದು ಹವ್ಯಾಸವಾ?

4/7
'ಗುಲಗಂಜಿ ಹುಳ ಎಲ್ಲಾ ರೈತನ ಮಿತ್ರ' ಅನ್ನೋ ಪೋಸ್ಟರ್ ಕೂಡ ಅರ್ಧ ಸತ್ಯ. ಬದನೆ ಎಲೆಯನ್ನ ಜಾಲರಿ ಮಾಡೋ 28 ಚುಕ್ಕೆಯ ಹುಳವೂ ಇದೇ ಕುಟುಂಬದ್ದು. ಬೂದಿ ರೋಗದ ಶಿಲೀಂಧ್ರ ತಿಂದು ಬದುಕೋ ಹಳದಿ ಇಲ್ಲಿಯಿಸ್ ಕೂಡ ಅದೇ ಕುಟುಂಬ. ಒಂದೇ ಮನೆತನ, ಮೂರು ಊಟ.

5/7
ಚುಕ್ಕೆ ಎಣಿಸಿದ್ರೆ ವಯಸ್ಸು ಗೊತ್ತಾಗುತ್ತೆ ಅನ್ನೋದು ಸುಳ್ಳು. ಚುಕ್ಕೆ ಎಣಿಸಿಯೇ ಜಾತಿ ಹೇಳ್ತೀನಿ ಅನ್ನೋದೂ ಅಪಾಯ: ಹೆಸರಲ್ಲೇ 'ಆರು ಚುಕ್ಕೆ' ಇಟ್ಕೊಂಡಿರೋ ಕೀಲೋಮೀನಿಸ್ ಬೆನ್ನಲ್ಲಿ ಹೆಚ್ಚಾಗಿ ಕಾಣೋದು ಅಂಕುಡೊಂಕು ಕಪ್ಪು ಗೆರೆ. ಆ್ಯಪ್ ಹೇಳಿದ್ದನ್ನ ಕಣ್ಮುಚ್ಚಿ ಒಪ್ಬೇಡಿ. ಜೆ. ಪೂರಣಿ ಅನ್ನೋ ವಿಜ್ಞಾನಿ 2002ರಲ್ಲಿ ನಮ್ಮ ಉಪಖಂಡದ ಗುಲಗಂಜಿ ಹುಳಗಳ ಪಟ್ಟಿ ಪ್ರಕಟಿಸಿದ್ದಾರೆ. ಮೊದಲು ಅಂಥವರ ಕೆಲಸ ಹುಡುಕಿ ನೋಡಿ.

6/7
'ಆನೆ, ಹುಲಿ ಇರೋ ಊರಲ್ಲಿ ಹುಳ ಎಣಿಸ್ತೀಯಾ?' ಅಂತ ನಗ್ತೀರಿ. ನಗಿ. ನ್ಯೂಯಾರ್ಕ್ ರಾಜ್ಯ 1989ರಲ್ಲಿ ಒಂಬತ್ತು ಚುಕ್ಕೆಯ ಹುಳವನ್ನ ರಾಜ್ಯ ಕೀಟ ಅಂತ ಘೋಷಿಸ್ತು. ಆಮೇಲೆ ನೋಡಿದ್ರೆ ರಾಜ್ಯದಲ್ಲಿ ಆ ಹುಳವೇ ಕಾಣ್ತಿಲ್ಲ! 2011ರಲ್ಲಿ ಲಾಂಗ್ ಐಲ್ಯಾಂಡಿನ ಒಂದು ತರಕಾರಿ ತೋಟದಲ್ಲಿ ಮತ್ತೆ ಸಿಕ್ಕಿತು. ಹುಡುಕಿದ್ದು ನಮ್ಮಂಥ ಸಾಮಾನ್ಯ ಜನ. ಎಣಿಸದೇ ಇದ್ರೆ ಕಳ್ಕೊಂಡಿದ್ದೂ ಗೊತ್ತಾಗಲ್ಲ.

7/7
ಹಾಗಾಗಿ ಬರೀ ಲೈಕ್ ಬೇಡ, ದಾಖಲೆ ಕೊಡಿ. ಒಂದು ಹುಳಕ್ಕೆ ಮೂರು ಫೋಟೋ: ಬೆನ್ನು, ತಲೆ, ಪಕ್ಕ. ಜೊತೆಗೆ ತಾರೀಖು, ಜಾಗ, ಯಾವ ಗಿಡ, ಏನು ತಿಂತಿತ್ತು. ಮರಿ ಕಂಡ್ರೆ ಅದರದ್ದೂ. ಮನೆ ತೋಟದಿಂದ ಶುರು ಮಾಡಿ. ಕಾಡೊಳಗೆ ಅನುಮತಿ ಇಲ್ಲದೆ ಹೋಗ್ಬೇಡಿ, ಹುಳ ಹಿಡಿದು ಡಬ್ಬಿಗೆ ಹಾಕ್ಬೇಡಿ. ಮನೇಲಿ ಪಂಪ್ ಹೆಗಲಿಗೇರಿಸೋ ಮೊದಲು ಅಪ್ಪನಿಗೋ ಅಜ್ಜನಿಗೋ ಮೂರನೇ ಸ್ಲೈಡ್ ತೋರಿಸಿ.

#ಗುಲಗಂಜಿಹುಳ #ಮಾಕುಟ್ಟ #ಕೊಡಗು