ಕನಸು ಮತ್ತು ಎಚ್ಚರ

ಕನಸಿನಲ್ಲಿ ಕಂಡ ಭತ್ತಕ್ಕೆ ಗೋಣಿಚೀಲ ಹಿಡಿದು ಓಡಿದವನನ್ನು ಕಂಡು ನಮ್ಮ ಹಿರಿಯರು ನಕ್ಕರು. ಆದರೆ ಕನಸನ್ನು ನಂಬಿ ರಾತ್ರೋರಾತ್ರಿ ಮನೆ ಬಿಟ್ಟು ಹೊರಟ ಒಬ್ಬ ಬಡಗಿಯನ್ನು ಕ್ರೈಸ್ತರು ಪೂಜ್ಯನೆಂದು ಎಣಿಸುತ್ತಾರೆ. ಹಾಗಾದರೆ ಯಾವ ಕನಸು ನಂಬತಕ್ಕದ್ದು, ಯಾವುದು ಬಿಡತಕ್ಕದ್ದು? ಈ ಪ್ರಶ್ನೆಗೆ ಕ್ರೈಸ್ತ ಧರ್ಮವು ಕೊಡುವ ಉತ್ತರವನ್ನು ನಾನು ಅರಿತಮಟ್ಟಿಗೆ ಇಲ್ಲಿ ಹೇಳಬಯಸುತ್ತೇನೆ.

ಆ ಬಡಗಿ ಮರಿಯಳ ಪತಿ ಯೋಸೇಫ. ಮತ್ತಾಯನ ಸುವಾರ್ತೆಯ ಮೊದಲ 2 ಅಧ್ಯಾಯಗಳಲ್ಲಿ ಅವನಿಗೆ 4 ಬಾರಿ ಕನಸು ಬೀಳುತ್ತದೆ. ಅವನು ಜೋಯಿಸರನ್ನು ಹುಡುಕಿಕೊಂಡು ಹೋಗುವುದಿಲ್ಲ. ನೆರೆಯವರೊಡನೆ ಹೇಳಿಕೊಂಡು ತಿರುಗುವುದಿಲ್ಲ. ಸುವಾರ್ತೆಗಳಲ್ಲಿ ಅವನಾಡಿದ ಒಂದು ಮಾತೂ ದಾಖಲಾಗಿಲ್ಲ. ಗುಟ್ಟಾಗಿ ಬಿಟ್ಟುಬಿಡಬೇಕೆಂದಿದ್ದ ಮರಿಯಳನ್ನು ಎದ್ದೊಡನೆ ಮನೆಗೆ ಸೇರಿಸಿಕೊಳ್ಳುತ್ತಾನೆ. ಹೆರೋದನ ಕೈಯಿಂದ ಮಗುವನ್ನು ಉಳಿಸಲು ಐಗುಪ್ತಕ್ಕೆ ಹೊರಡುತ್ತಾನೆ. ಕನಸುಗಳು ಅವನಿಗೆ ನಿಧಿಯನ್ನಾಗಲಿ ಪದವಿಯನ್ನಾಗಲಿ ತೋರಿಸಲಿಲ್ಲ. ಅವನ ಹೆಗಲಿಗೆ ಇತರರ ಭಾರವನ್ನು ಹೊರಿಸಿದುವು.

ಅದೇ ಸುವಾರ್ತೆಯ 27ನೆಯ ಅಧ್ಯಾಯದಲ್ಲಿ ಇನ್ನೊಂದು ಕನಸಿದೆ. ರೋಮನ್ ಅಧಿಪತಿ ಪಿಲಾತನ ಹೆಂಡತಿ ಯೇಸುವಿನ ವಿಷಯವಾಗಿ ಕನಸಿನಲ್ಲಿ ಸಂಕಟಪಟ್ಟು, ಆ ನಿರಪರಾಧಿಯ ಗೊಡವೆಗೆ ಹೋಗಬಾರದೆಂದು ಗಂಡನಿಗೆ ಹೇಳಿಕಳುಹಿಸುತ್ತಾಳೆ. ಪಿಲಾತನು ಕೈತೊಳೆದುಕೊಂಡನೇ ಹೊರತು ಶಿಲುಬೆಯ ಶಿಕ್ಷೆಯನ್ನು ತಪ್ಪಿಸಲಿಲ್ಲ. ಕನಸು ಎಚ್ಚರಿಸಬಲ್ಲುದು, ಎಚ್ಚರದಲ್ಲಿ ಮಾಡಬೇಕಾದ ನ್ಯಾಯವನ್ನು ಮನುಷ್ಯನೇ ಮಾಡಬೇಕು.

ಕನಸು ಕಂಡವರೆಲ್ಲರೂ ಯೋಸೇಫರಲ್ಲವೆಂಬುದನ್ನೂ ಸತ್ಯವೇದ ಬಲ್ಲುದು. ಕನಸುಗಾರನು ಅದ್ಭುತವನ್ನೇ ಮಾಡಿ ತೋರಿಸಿದರೂ, ಜನರನ್ನು ದೇವರಿಂದ ದೂರ ಸೆಳೆದರೆ ಅವನಿಗೆ ಕಿವಿಗೊಡಬಾರದೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಪ್ರವಾದಿ ಯೆರೆಮೀಯನು ದೇವರ ವಾಕ್ಯವನ್ನು ಕಾಳಿಗೂ ಕನಸುಗಾರರ ಮಾತನ್ನು ಹೊಟ್ಟಿಗೂ ಹೋಲಿಸುತ್ತಾನೆ.

ನಮ್ಮಂಥ ವಿದ್ಯಾರ್ಥಿಗಳಿಗೆ ಸಂತ ಜೆರೋಮನ ಪ್ರಸಂಗ ಇನ್ನೂ ಹತ್ತಿರದ್ದು. ಅವನಿಗೆ ಸಿಸೆರೋ ಮೊದಲಾದ ಲ್ಯಾಟಿನ್ ಗ್ರಂಥಕರ್ತರೆಂದರೆ ಪ್ರಾಣ. ಪ್ರವಾದಿಗಳ ಶೈಲಿ ಒರಟೆನಿಸುತ್ತಿತ್ತು. ಒಮ್ಮೆ ಜ್ವರದಲ್ಲಿ ಮಲಗಿದ್ದಾಗ, ದೈವನ್ಯಾಯಾಸನದ ಮುಂದೆ ನಿಂತು, ಕ್ರಿಸ್ತನಿಗಿಂತ ಸಿಸೆರೋವಿಗೇ ಸೇರಿದವನೆಂಬ ಆರೋಪಕ್ಕೆ ಛಡಿಯೇಟು ತಿಂದಂತೆ ಕನಸು ಕಂಡನು. ಲೌಕಿಕ ಗ್ರಂಥಗಳನ್ನು ಇನ್ನು ಓದೆನೆಂದು ಆ ಕನಸಿನಲ್ಲಿಯೇ ಆಣೆಯಿಟ್ಟನು. ಇದನ್ನು ಅವನೇ 384ರ ಒಂದು ಪತ್ರದಲ್ಲಿ ಬರೆದಿದ್ದಾನೆ. ಮುಂದೆ ರುಫಿನಸ್ ಎಂಬ ವಿದ್ವಾಂಸನು ಆಣೆ ಮುರಿದವನೆಂದು ಹಂಗಿಸಿದಾಗ, ಕನಸನ್ನು ನಂಬಬಾರದೆಂಬ ಪ್ರವಾದಿಗಳ ಎಚ್ಚರಿಕೆಯನ್ನೇ ಜೆರೋಮನು ಎದುರಿಗಿಟ್ಟನು.

ಹಾಗಾದರೆ ಅವನ ಕನಸು ವ್ಯರ್ಥವೇ? ನನಗೆ ಹಾಗೆ ತೋರುವುದಿಲ್ಲ. ಸಾಹಿತ್ಯದಲ್ಲಿ ಪಳಗಿದ ಅದೇ ಲ್ಯಾಟಿನ್ನಿನಿಂದ ಅವನು ಸುಮಾರು 390ರಿಂದ 405ರವರೆಗೆ ದುಡಿದು, ಹಳೆಯ ಒಡಂಬಡಿಕೆಯನ್ನು ಹೀಬ್ರೂ ಮೂಲದಿಂದ ಅನುವಾದಿಸಿದನು. ಕಲಿತ ವಿದ್ಯೆಯನ್ನು ಬಿಸುಡದೆ ಸೇವೆಗೆ ಹಚ್ಚಿದನು. ಧರ್ಮಕ್ಕಾಗಿ ಕಾವ್ಯವನ್ನು ತ್ಯಜಿಸಬೇಕೆನ್ನುವವರು ಇದನ್ನು ಮನಗಾಣಬೇಕು.

ಕನಸಿನಲ್ಲಿ ಅಪ್ಪಣೆಯಾಯಿತೆಂದು ಹೇಳಿ ಹಣವನ್ನೋ ವಿಧೇಯತೆಯನ್ನೋ ಬೇಡುವವರು ಎಲ್ಲ ಮತಗಳಲ್ಲಿಯೂ ಉಂಟು. ಅವರನ್ನು ನಾವು ಕೇಳಬೇಕಾದುದು ಇಷ್ಟೆ: ಈ ಕನಸಿನ ಭಾರವನ್ನು ಹೊರುವವರು ಯಾರು, ಕಂಡವರೋ ಕೇಳಿದವರೋ? ಯೋಸೇಫನ ಕನಸಿನ ಭಾರವನ್ನು ಯೋಸೇಫನೇ ಹೊತ್ತನು. ಕ್ರೈಸ್ತರಲ್ಲದ ಸಹಪಾಠಿಗಳಿಗೂ ಈ ಒರೆಗಲ್ಲು ಉಪಯೋಗಕ್ಕೆ ಬಂದೀತೆಂದು ನನ್ನ ನಂಬಿಕೆ.